ದಾಖಲೆಯ ಓಟ ಸುರಕ್ಷತೆಯ ಪುರಾವೆಯಲ್ಲ

ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿತು. ಕೆಟ್ಟ ಇಂಧನ ಬಂಡಲನ್ನು ರಿಯಾಕ್ಟರ್ ನಿಲ್ಲಿಸದೆಯೇ ಬದಲಿಸಬಹುದು. ಆದ್ದರಿಂದ ಬಂಡಲಿನ ಭಾಗ ಮುರಿದರೆ ಆತಂಕ ಬೇಕಿಲ್ಲ ಎಂಬುದು ಅಣುವಿದ್ಯುತ್ ಪರವಾಗಿ ಅಚ್ಚಾಗುವ ವಾದ. ಮೊದಲೆರಡು ಮಾತು ನಿಜ. ಮೂರನೆಯದು ಅವುಗಳಿಂದ ಹೊರಡುವುದಿಲ್ಲ.

ನಿಲ್ಲಿಸದೆ ಬದಲಿಸಬಹುದು ಎಂದಮೇಲೆ, ಬಂಡಲ್ ಸೋರಿದರೂ ದಿನಗಳ ಎಣಿಕೆ ಮುಂದುವರಿಯುತ್ತದೆ. ಹಾಗಾಗಿ ಆ ಎಣಿಕೆ ಇಂಧನ ಗಟ್ಟಿಯಾಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ.

220 ಮೆಗಾವಾಟಿನ ಇಂಥ ರಿಯಾಕ್ಟರಿನಲ್ಲಿ 306 ನಾಳಗಳು, ನಾಳಕ್ಕೆ 12 ಬಂಡಲ್, ಬಂಡಲಿಗೆ ಇಂಧನ ತುಂಬಿದ 19 ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳು. ಕೊಳವೆ ಸೀಳಿದರೆ ವಿಕಿರಣಶೀಲ ಅಯೋಡಿನ್-131 ತಂಪುಗೊಳಿಸುವ ಭಾರಜಲಕ್ಕೆ ಸೇರುತ್ತದೆ. ಮುರಿದ ಚೂರು ಹರಿವಿನಲ್ಲಿ ಸಿಕ್ಕಿ ಬೇರೆ ಕೊಳವೆಯನ್ನು ಸವೆಸಬಲ್ಲದು. ಬಂಡಲ್ ಹೊರಬಂದರೂ ಚೂರು ಒಳಗೇ ಉಳಿಯಬಹುದು.

ರಿಯಾಕ್ಟರನ್ನು ಮುಚ್ಚುವ ಗುಮ್ಮಟ ಕಾಯುತ್ತದೆ ಎಂಬ ಸಮಾಧಾನವೂ ಅರೆಬರೆ. ಕೈಗಾದ ಇದೇ ಘಟಕದಲ್ಲಿ 1994ರ ಮೇ 13ರಂದು, ಕಟ್ಟುತ್ತಿದ್ದ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿತ್ತು. ವಿನ್ಯಾಸ ತಿದ್ದಿದ ಮೇಲಷ್ಟೇ, 2000ದಲ್ಲಿ, ಘಟಕ ಶುರುವಾಯಿತು. ಗುಮ್ಮಟವೆಂಬ ತಡೆಯನ್ನು ನಂಬಿ ಇಂಧನ ಕೊಳವೆಯೆಂಬ ತಡೆಯನ್ನು ಸಡಿಲಬಿಡಲಾಗದು.

ತಂಪುಜಲದಲ್ಲಿ ಅಯೋಡಿನ್ ಇಷ್ಟನ್ನು ಮೀರಬಾರದೆಂಬ ಮಿತಿ ಇರುವುದೇ ಇದಕ್ಕಾಗಿ. ಆ ಮಿತಿಯನ್ನು ಕಾಯಬೇಕಾದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಶಾಸನಬದ್ಧ ಸ್ವಾಯತ್ತತೆ ಇಲ್ಲವೆಂದು ಸರ್ಕಾರಿ ಲೆಕ್ಕ ಪರಿಶೋಧಕ ಸಂಸ್ಥೆ ಸಿಎಜಿ 2012ರಲ್ಲಿ ಆಕ್ಷೇಪಿಸಿತ್ತು. ಓಡಿದ ದಿನಗಳ ಜತೆಗೆ ಸೋರಿದ ಬಂಡಲುಗಳ ಲೆಕ್ಕವನ್ನೂ ಮುಂದಿಟ್ಟರಷ್ಟೇ ಆತಂಕ ಬೇಕಿಲ್ಲ ಎಂಬ ವಾದಕ್ಕೆ ಬಲ.