ಸೀಮಂತದ ತಿಂಗಳಲ್ಲಿ ಮರೆಯಬಾರದ ಚುಚ್ಚುಮದ್ದು

ಚೊಚ್ಚಲ ಹೆರಿಗೆ ತವರಿನಲ್ಲಿ ಆಗತಕ್ಕದ್ದೆಂಬುದು ನಮ್ಮವರ ಸಂಪ್ರದಾಯ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲಸಿದ ಅನೇಕ ಕನ್ನಡ ಕುಟುಂಬಗಳು ಇದನ್ನು ಇಂದಿಗೂ ಬಿಟ್ಟಿಲ್ಲ. ಏಳನೆಯ ತಿಂಗಳಲ್ಲಿ ಸೀಮಂತವನ್ನೋ ಕುಬಸವನ್ನೋ ಮುಗಿಸಿ, ಹಸಿರು ಬಳೆ ತೊಟ್ಟ ಮಗಳನ್ನು ಧಾರವಾಡಕ್ಕೋ ಉಡುಪಿಗೋ ಹಾಸನಕ್ಕೋ ಕರೆದೊಯ್ಯುತ್ತಾರೆ. ಇದನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಹೆತ್ತ ತಾಯಿಯ ಆರೈಕೆಗೆ ಸಾಟಿಯಾದುದು ಯಾವ ಮಹಾನಗರದಲ್ಲಿಯೂ ದೊರೆಯದು. ಆದರೆ ಈ ಪ್ರಯಾಣದ ಗಡಿಬಿಡಿಯಲ್ಲಿ, ಆರ್.ಎಚ್. ನೆಗೆಟಿವ್ ರಕ್ತವುಳ್ಳ ಗರ್ಭಿಣಿಯರಿಗೆ ಅತ್ಯವಶ್ಯವಾದ ಒಂದು ಚಿಕಿತ್ಸೆ ತಪ್ಪಿಹೋಗುವ ಅಪಾಯವಿದೆ. ಅದನ್ನು ಕುರಿತು ನಮ್ಮ ಕುಟುಂಬಗಳು ಯೋಚಿಸಬೇಕೆಂಬುದೇ ಈ ಲೇಖನದ ಆಶಯ.

ಆರ್.ಎಚ್. ಎಂಬುದು ಕೆಂಪು ರಕ್ತಕಣಗಳ ಮೇಲಿರುವ ಒಂದು ಅಂಶ. ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ಎಂಬ ವಿಜ್ಞಾನಿಗಳು 1940ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ರೀಸಸ್ ಜಾತಿಯ ಕೋತಿಯಿಂದ ಇದಕ್ಕೆ ಈ ಹೆಸರು ಬಂದಿತು. ಅಂಶವುಳ್ಳವರು ಪಾಸಿಟಿವ್, ಇಲ್ಲದವರು ನೆಗೆಟಿವ್. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 5 ಮಂದಿ ನೆಗೆಟಿವ್ ಗುಂಪಿನವರು. ಇದು ರೋಗವಲ್ಲ, ದೋಷವೂ ಅಲ್ಲ. ಕಣ್ಣಿನ ಬಣ್ಣದಂತೆ ಹುಟ್ಟಿನಿಂದ ಬಂದ ಲಕ್ಷಣ ಮಾತ್ರ.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿರುವಲ್ಲಿ ಶಿಶು ಪಾಸಿಟಿವ್ ಆಗಬಹುದು. ಹೆಚ್ಚಾಗಿ ಹೆರಿಗೆಯ ವೇಳೆಯಲ್ಲಿ ಶಿಶುವಿನ ರಕ್ತ ಸ್ವಲ್ಪ ತಾಯಿಯ ರಕ್ತದಲ್ಲಿ ಬೆರೆಯುತ್ತದೆ. ತಾಯಿಯ ದೇಹ ಅದನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ಉತ್ಪಾದಿಸತೊಡಗುತ್ತದೆ. ಅಷ್ಟರಲ್ಲಿ ಮೊದಲ ಮಗು ಹೊರಬಂದಿರುವುದರಿಂದ ಅದಕ್ಕೆ ಸಾಮಾನ್ಯವಾಗಿ ಬಾಧೆಯಿಲ್ಲ. ಮುಂದಿನ ಶಿಶುವೂ ಪಾಸಿಟಿವ್ ಆದಲ್ಲಿ ಆ ಪ್ರತಿಕಾಯಗಳು ಮಾಸನ್ನು ದಾಟಿಹೋಗಿ ಅದರ ಕೆಂಪು ಕಣಗಳನ್ನು ನಾಶಗೊಳಿಸುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ, ಒಮ್ಮೊಮ್ಮೆ ಗರ್ಭದಲ್ಲಿಯೇ ಮರಣ ಇದರ ಪರಿಣಾಮಗಳು. ‘ಮೊದಲ ಮಗು ಗುಂಡುಗುಂಡಾಗಿ ಹುಟ್ಟಲಿಲ್ಲವೇ?’ ಎಂಬ ಹಿರಿಯರ ಸಮಾಧಾನ ಈ ಒಂದು ವಿಷಯದಲ್ಲಿ ಮೋಸಗೊಳಿಸತಕ್ಕದ್ದು.

ಈ ಅನಾಹುತವನ್ನು ತಡೆಯುವ ಆಂಟಿ-ಡಿ ಚುಚ್ಚುಮದ್ದು 1968ರಷ್ಟು ಹಿಂದೆಯೇ ಬಳಕೆಗೆ ಬಂದಿತು. ಇದಿಲ್ಲದೆ ಪಾಸಿಟಿವ್ ಶಿಶುವನ್ನು ಹೆತ್ತ ನೂರು ನೆಗೆಟಿವ್ ತಾಯಂದಿರಲ್ಲಿ ಸುಮಾರು 16 ಮಂದಿಯಲ್ಲಿ ಪ್ರತಿಕಾಯಗಳು ಹುಟ್ಟಬಹುದು. ಹೆರಿಗೆಯಾದ 72 ಗಂಟೆಗಳೊಳಗೆ ಚುಚ್ಚುಮದ್ದು ಕೊಟ್ಟರೆ ಈ ಸಂಖ್ಯೆ ಒಂದೆರಡಕ್ಕೆ ಇಳಿಯುತ್ತದೆ. ಬಸಿರಿನ 28ನೆಯ ವಾರದಲ್ಲಿಯೂ ಒಮ್ಮೆ ಕೊಟ್ಟರೆ ಅದು ನೂರಕ್ಕೆ ಒಂದಕ್ಕಿಂತಲೂ ಬಹಳ ಕಡಿಮೆಯಾಗುತ್ತದೆ. ಆದರೆ ಪ್ರತಿಕಾಯಗಳು ಒಮ್ಮೆ ಹುಟ್ಟಿದ ಮೇಲೆ ಈ ಔಷಧದಿಂದ ಪ್ರಯೋಜನವಿಲ್ಲ. ಆಗ ಉಳಿಯುವುದು ಗರ್ಭದಲ್ಲಿರುವ ಶಿಶುವಿಗೆ ರಕ್ತ ಕೊಡುವಂಥ ಕಠಿಣ ಚಿಕಿತ್ಸೆಗಳು ಮಾತ್ರ.

28ನೆಯ ವಾರವೆಂದರೆ ಏಳನೆಯ ತಿಂಗಳು. ಅಂದರೆ ಸೀಮಂತದ ತಿಂಗಳು, ಊರು ಬದಲಾಗುವ ತಿಂಗಳು. ನಗರದ ವೈದ್ಯರು ‘ಊರಿನಲ್ಲಿ ಕೊಡುವರು’ ಎಂದುಕೊಳ್ಳುವುದೂ, ಊರಿನ ವೈದ್ಯರು ‘ನಗರದಲ್ಲಿ ಕೊಟ್ಟಿರಬಹುದು’ ಎಂದುಕೊಳ್ಳುವುದೂ ಅಸಂಭವವಲ್ಲ. ಪೆಟ್ಟಿಗೆಯಲ್ಲಿ ಸೀರೆ, ಮಡಿಲಕ್ಕಿ, ಬೆಳ್ಳಿಯ ಬಟ್ಟಲು ಎಲ್ಲವೂ ಜೋಪಾನವಾಗಿ ಹೋಗುತ್ತವೆ. ರಕ್ತದ ಗುಂಪಿನ ಚೀಟಿ ಮಾತ್ರ ಗಂಡನ ಮನೆಯ ಬೀರುವಿನಲ್ಲಿ ಉಳಿಯುತ್ತದೆ. ಆದ್ದರಿಂದ ಪ್ರಯಾಣಕ್ಕೆ ಮೊದಲೇ ಕೂಂಬ್ಸ್ ಪರೀಕ್ಷೆ ಮಾಡಿಸಿ, ಚುಚ್ಚುಮದ್ದು ಎಲ್ಲಿ ಯಾವ ದಿನವೆಂದು ನಿಶ್ಚಯಿಸಿ, ಕಾಗದಪತ್ರಗಳನ್ನು ಮಗಳೊಡನೆ ಕಳುಹಿಸಬೇಕು. ಈ ಔಷಧವನ್ನು ತಂಪಿನಲ್ಲಿಯೇ ಇಡಬೇಕಾದುದರಿಂದ ಸಣ್ಣ ಊರುಗಳ ಅಂಗಡಿಗಳಲ್ಲಿ ಬೇಕೆಂದಾಗ ದೊರೆಯದೆ ಹೋಗಬಹುದು. ಹೆರಿಗೆಗೆ ಮೊದಲೇ ಅದನ್ನು ಆಸ್ಪತ್ರೆಗೆ ತರಿಸಿಡುವಂತೆ ಕೇಳಿಕೊಳ್ಳುವುದು ಲೇಸು. ಮಗು ಹುಟ್ಟಿದೊಡನೆ ಅದರ ರಕ್ತದ ಗುಂಪನ್ನೂ ಪರೀಕ್ಷಿಸಬೇಕು. ಪಾಸಿಟಿವ್ ಆದರೆ ಬಾಣಂತಿಗೆ ಎರಡನೆಯ ಚುಚ್ಚುಮದ್ದು ಅಗತ್ಯ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಗರ್ಭಸ್ರಾವವಾದರೂ, ಗರ್ಭಪಾತ ಮಾಡಿಸಿಕೊಂಡರೂ, ಬಸಿರಿನಲ್ಲಿ ರಕ್ತ ಕಂಡರೂ, ಹೊಟ್ಟೆಗೆ ಪೆಟ್ಟಾದರೂ ಈ ಔಷಧ ಬೇಕಾಗಬಹುದು. ಅಂಥ ಸಂಗತಿಗಳನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ವೈದ್ಯರಿಂದಲೂ ಮುಚ್ಚಿಟ್ಟರೆ ಅದರ ಬೆಲೆಯನ್ನು ಮುಂದಿನ ಕೂಸು ತೆರುತ್ತದೆ.

ಸೊಸೆಯ ರಕ್ತ ನೆಗೆಟಿವ್ ಎಂದು ತಿಳಿದೊಡನೆ ಮುಖ ಸಣ್ಣದು ಮಾಡಿಕೊಳ್ಳುವವರುಂಟು. ಇದು ಅನ್ಯಾಯ. ಮಗುವಿಗೆ ಪಾಸಿಟಿವ್ ಅಂಶ ಬರುವುದು ತಂದೆಯಿಂದ. ಹಾಗೆಂದು ಆತನನ್ನೂ ದೂರಬೇಕಾಗಿಲ್ಲ. ಆತನ ರಕ್ತವನ್ನೂ ಪರೀಕ್ಷಿಸಿದರಾಯಿತು. ಆತನೂ ನೆಗೆಟಿವ್ ಆಗಿದ್ದರೆ ಈ ಭಯವೇ ಇಲ್ಲ. ಜಾತಕ ಕೂಡಿಸುವಂತೆ ರಕ್ತದ ಗುಂಪು ಕೂಡಿಸಿ ಸಂಬಂಧ ಮುರಿಯುವುದಂತೂ ಶುದ್ಧ ಅವಿವೇಕ. ಎರಡು ಚುಚ್ಚುಮದ್ದುಗಳಿಂದ ನೀಗುವ ತೊಡಕಿಗೆ ಒಂದು ಮದುವೆಯನ್ನು ಬಲಿಗೊಡಬೇಕೇ?

ಖರ್ಚಿನ ಮಾತು ಬಂದರೆ, ಸೀಮಂತದ ಊಟಕ್ಕೆ ಹಿಂಜರಿಯದ ನಾವು ಇದಕ್ಕೆ ಹಿಂಜರಿಯುವುದು ತರವಲ್ಲ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ದಿನ ರಕ್ತದ ಗುಂಪಿನ ಪರೀಕ್ಷೆಯನ್ನು ಏರ್ಪಡಿಸಿ, ಪ್ರತಿಯೊಬ್ಬರಿಗೂ ಒಂದು ಕಾರ್ಡನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಅದೂ ನಾಡಸೇವೆಯೇ. ಬಸಿರಾದ ಮೇಲೆ ವಿಚಾರಿಸುವುದಕ್ಕಿಂತ, ಮದುವೆಗೆ ಮುನ್ನವೇ ಮನೆಯ ಹೆಣ್ಣುಮಕ್ಕಳೂ ಗಂಡುಮಕ್ಕಳೂ ತಮ್ಮ ಗುಂಪನ್ನು ಅರಿತಿರುವುದು ಮೇಲು.