‘ನಮ್ಮ ತೆರಿಗೆ ದುಡ್ಡು’ ಅಂತ ಕೂಗುವವರ ಲೆಕ್ಕ

ಮೊನ್ನೆ ಊರಿನವರೊಬ್ಬರು ಮಗಳನ್ನ ಕನ್ನಡ ಎಂ.ಎ.ಗೆ ಸೇರಿಸ್ಬೇಕೋ ಬೇಡ್ವೋ ಅಂತ ಕೇಳಿದ್ರು. ಹುಡುಗಿಗೆ ಆಸೆ ಇದೆ, ಮಾರ್ಕೂ ಇದೆ. ಅಪ್ಪನಿಗೆ ಭಯ. “ಯೂನಿವರ್ಸಿಟಿಗೆ ಹೋದ್ರೆ ಮಕ್ಕಳು ದೇಶದ್ರೋಹಿ ಆಗ್ತಾರಂತೆ, ಟಿವಿಯಲ್ಲಿ ದಿನಾ ಹೇಳ್ತಾರಲ್ಲ” ಅಂದ್ರು. ನನಗೆ ನಗು ಬರಲಿಲ್ಲ.

ಕಾಸರಗೋಡಿನ ನಾವು ಕನ್ನಡ ಚಾನೆಲ್ ನೋಡೋದೇ ಒಂದು ಹಠ. ಭಾಷೆ ಕಿವಿಗೆ ಬೀಳಲಿ ಅಂತ ಹಾಕಿಸ್ಕೊಳ್ತೇವೆ. ಭಾಷೆಯ ಜೊತೆ ಬರುವ ವಿಷ ಬಿಲ್ಲಿನಲ್ಲಿ ಇರೋದಿಲ್ಲ.

2016ರ ಫೆಬ್ರವರಿಯಲ್ಲಿ ಜೆಎನ್‌ಯು ಘೋಷಣೆ ಪ್ರಕರಣ ಎದ್ದಾಗ, ಯಾರು ಕೂಗಿದ್ರು ಅಂತ ಕೋರ್ಟು ಹೇಳುವ ಮೊದಲೇ ಸ್ಟುಡಿಯೋದವರು ತೀರ್ಪು ಕೊಟ್ರು. ಇಡೀ ವಿಶ್ವವಿದ್ಯಾಲಯಕ್ಕೆ ‘ತುಕ್ಡೆ ತುಕ್ಡೆ ಗ್ಯಾಂಗ್’ ಅಂತ ಹೆಸರು ಬಿತ್ತು. 2020ರ ಜನವರಿಯಲ್ಲಿ ಮಾಹಿತಿ ಹಕ್ಕಿನಡಿ ಕೇಳಿದ್ದಕ್ಕೆ, ಅಂಥ ಗ್ಯಾಂಗಿನ ಮಾಹಿತಿ ತನ್ನ ಬಳಿ ಇಲ್ಲ ಅಂತ ಕೇಂದ್ರ ಗೃಹ ಸಚಿವಾಲಯವೇ ಉತ್ತರ ಕೊಟ್ಟಿತು. ಅದರ ಮೇಲೆ ರಾತ್ರಿ ಒಂಬತ್ತರ ಚರ್ಚೆ ನಡೆದದ್ದು ನಾನಂತೂ ನೋಡ್ಲಿಲ್ಲ.

2019ರಲ್ಲಿ ಅಲ್ಲಿ ಹಾಸ್ಟೆಲ್ ಶುಲ್ಕ ಏರಿಸಹೊರಟಾಗ ಮತ್ತೆ ಅದೇ ಕೂಗು: ‘ಇಪ್ಪತ್ತು ರೂಪಾಯಿಗೆ ರೂಮು, ನಮ್ಮ ತೆರಿಗೆ ದುಡ್ಡಲ್ಲಿ ಮಜಾ!’ ಬಾಡಿಗೆ 20ರಿಂದ 600ಕ್ಕೆ ಏರುವುದರ ಜೊತೆ ತಿಂಗಳಿಗೆ 1,700 ರೂಪಾಯಿ ಸೇವಾ ಶುಲ್ಕವನ್ನೂ ಹೊಸದಾಗಿ ಹೇರಲು ಹೊರಟಿದ್ದರು. ಊಟದ ಖರ್ಚು ಬೇರೆ. ಅಲ್ಲಿನ 2017-18ರ ವಾರ್ಷಿಕ ವರದಿ ಪ್ರಕಾರ ಸೇರಿದವರಲ್ಲಿ ಶೇ 40ರಷ್ಟು ಮಕ್ಕಳ ಮನೆಯ ಆದಾಯ ತಿಂಗಳಿಗೆ 12,000ಕ್ಕಿಂತ ಕಡಿಮೆ. ಇಷ್ಟು ಹೇಳಿದ್ರೆ ಚರ್ಚೆ ತಣ್ಣಗಾಗ್ತದೆ, ಅದಕ್ಕೇ ಹೇಳಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಂಪನಿ ತೆರಿಗೆ ಶೇ 30ರಿಂದ 22ಕ್ಕೆ ಇಳೀತು. ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಟ್ಟಂತೆ ಅಂತ ಸರ್ಕಾರವೇ ಹೇಳಿತು. ಆಗ ‘ನಮ್ಮ ದುಡ್ಡು’ ಅಂತ ಗಂಟಲು ಹರ್ಕೊಂಡವರು ಯಾರು? ಬಿ.ಕಾಂ. ಓದಿದವನಿಗೆ ಇಂಥದ್ದೇ ಕಣ್ಣಿಗೆ ಬೀಳೋದು. ಮತ್ತೆ, ಸೋಪು ಕೊಳ್ಳುವ ವಿದ್ಯಾರ್ಥಿಯೂ ಜಿಎಸ್‌ಟಿ ಕಟ್ತಾನೆ ಸ್ವಾಮಿ.

ಅದೇ ಜೆಎನ್‌ಯುನಲ್ಲಿ ಕರ್ನಾಟಕ ಸರ್ಕಾರದ ನೆರವಿನ ಕನ್ನಡ ಪೀಠ ಇದೆ. ನಮ್ಮ ಪಕ್ಕದ ಸುಳ್ಯ ತಾಲೂಕಿನ ಪುರುಷೋತ್ತಮ ಬಿಳಿಮಲೆ ಅದರ ಮುಖ್ಯಸ್ಥರಾಗಿದ್ರು. ‘ಗ್ಯಾಂಗ್’ ಅಂದಾಗ ಅದೂ ಒಳಗೇ ಬಂತು.

ವಿಶ್ವವಿದ್ಯಾಲಯಗಳಲ್ಲಿ ತಪ್ಪಿಲ್ಲ ಅಂತಲ್ಲ. ಹುದ್ದೆ ಖಾಲಿ, ಫಲಿತಾಂಶ ತಡ, ಜಾತಿ ರಾಜಕೀಯ, ಎಲ್ಲಾ ಇದೆ. ಬೈಯೋದಾದ್ರೆ ಅದನ್ನ ಬೈಯಲಿ. ಆದ್ರೆ ‘ಈ ಸಬ್ಜೆಕ್ಟಿಂದ ದೇಶಕ್ಕೇನು ಲಾಭ’ ಅನ್ನೋ ಅಳತೆಗೋಲು ಹಿಡಿದ್ರೆ ಮೊದಲು ಬೀಳೋದು ಗಡಿಯಾಚೆಯ ಕನ್ನಡ ವಿಭಾಗಗಳೇ. ಕಾಸರಗೋಡು ಸರ್ಕಾರಿ ಕಾಲೇಜಿನ ಕನ್ನಡ ವಿಭಾಗದ ಮಕ್ಕಳನ್ನ ಎಣಿಸಿ, ತಲೆಗೆಷ್ಟು ಖರ್ಚು ಅಂತ ಯಾರಾದ್ರೂ ಸ್ಟುಡಿಯೋದಲ್ಲಿ ಕೂತು ಲೆಕ್ಕ ಹಾಕಿದ್ರೆ ನಾವೇನು ಹೇಳ್ತೇವೆ? ಅಲ್ಲಿ ಓದಿದವರೇ ಅಲ್ವಾ ಇಲ್ಲಿ ಕನ್ನಡ ಶಾಲೆಗಳಲ್ಲಿ ಪಾಠ ಮಾಡೋದು?

ಆ ಅಪ್ಪ ‘ನೋಡೋಣ’ ಅಂದಿದ್ದಾರೆ. ಅರ್ಜಿಯ ಕೊನೆ ದಿನ ಹತ್ತಿರ ಬಂತು, ಇವತ್ತು ಸಂಜೆ ಮತ್ತೆ ಫೋನ್ ಮಾಡ್ಬೇಕು.