ಊರೆಲ್ಲ ನೆಂಟರು, ಉಣ್ಣಲು ಠಾವಿಲ್ಲ

ದೀಪಾವಳಿಯ ಸುರುಸುರು ಬತ್ತಿಯಿಂದ ಹಾರುವ ಕಿಡಿಯ ತಾಪ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಆದರೂ ಒಂದು ಕಿಡಿ ಕೈಮೇಲೆ ಬಿದ್ದರೆ ಚುರ್ ಎನಿಸಿ ಆರಿಹೋಗುವುದೇ ಹೆಚ್ಚು. ಒಲೆಯ ಮೇಲಿನ ಎಸರಿನ ತಾಪ ನೂರು ಡಿಗ್ರಿಯಷ್ಟೇ. ಆದರೆ ಒಂದು ಸೌಟು ಚೆಲ್ಲಿದರೆ ಬೊಬ್ಬೆ ಏಳುತ್ತದೆ. ತಾಪ ಬೇರೆ, ಉಷ್ಣ ಬೇರೆ. ಕಿಡಿಯ ತಾಪ ಎಷ್ಟೇ ಇರಲಿ, ಅದರ ರಾಶಿ ತೀರ ಕಡಿಮೆ. ಹಾಗಾಗಿ ಅದು ಹೊತ್ತು ತರುವ ಉಷ್ಣವೂ ಅತ್ಯಲ್ಪ.

ಇಂದಿನ ವ್ಯಾಪಾರದಲ್ಲಿ ‘ಫಾಲೋವರ್ಸ್’ ಎಂಬ ಸಂಖ್ಯೆ ಈ ಕಿಡಿಯ ತಾಪವಿದ್ದಂತೆ. ಮೊಬೈಲಿನಲ್ಲಿ ಪುಟ ತೆರೆದು ಚಟ್ನಿಪುಡಿ ಮಾರುವ ಗೃಹಿಣಿಯೊಬ್ಬರಿಗೆ ಹತ್ತು ಸಾವಿರ ಮಂದಿ ಅನುಯಾಯಿಗಳಿದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ ಪುಡಿ ತರಿಸಿಕೊಂಡವರು ನಲವತ್ತು ಮಂದಿ. ಎರಡನೆಯ ಸಲ ತರಿಸಿಕೊಂಡವರು ಹದಿನೈದು. ಮೆಣಸಿನಕಾಯಿ ಕೊಳ್ಳಲು ಹೊರಟಾಗ ಆಕೆ ಯಾವ ಅಂಕಿಯನ್ನು ನಂಬಬೇಕು? ಹತ್ತು ಸಾವಿರವನ್ನು ನಂಬಿ, ಸಾಲ ತಂದು ಸರಕು ತುಂಬಿಸಿದರೆ ಪುಡಿ ಮುಗ್ಗುತ್ತದೆ, ಸಾಲ ಮಾತ್ರ ಉಳಿಯುತ್ತದೆ. ದುಡ್ಡು ಕೊಟ್ಟರೆ ಇಂಥ ಸಂಖ್ಯೆಯನ್ನೇ ಮಾರುವವರೂ ಇದ್ದಾರೆ. ಆ ಹೆಸರುಗಳಲ್ಲಿ ಎಷ್ಟೋ ಹೆಸರುಗಳ ಹಿಂದೆ ಮನುಷ್ಯರೇ ಇರುವುದಿಲ್ಲ.

ಈ ಪ್ರಶ್ನೆ ಮೊಬೈಲಿನೊಡನೆ ಹುಟ್ಟಿದ್ದೇನಲ್ಲ. ಕನ್ನಡದ ಪುಸ್ತಕ ವ್ಯಾಪಾರ ಇದನ್ನು ಬಹು ಹಿಂದೆಯೇ ಎದುರಿಸಿತ್ತು. ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ವೃತ್ತಿಯಿಂದ ಶಿಕ್ಷಕರಾಗಿದ್ದ ಅವರಿಗೆ ಪುಸ್ತಕ ಕೊಳ್ಳುವ ರೂಢಿಯೇ ಇಲ್ಲದ ಜನರ ನಡುವೆ ಓದುಗರನ್ನು ಹುಟ್ಟಿಸಬೇಕಿತ್ತು. ಹೊತ್ತು ಮಾರುವವನಿಗೆ ಒಂದು ಲಾಭವಿದೆ. ಕೊಂಡವನ ಮುಖ ಅವನಿಗೆ ಗೊತ್ತಿರುತ್ತದೆ. ಮುಂದಿನ ಸಲ ಅದೇ ಊರಿಗೆ ಹೋದಾಗ ಹಿಂದಿನ ಪುಸ್ತಕ ಹೇಗಿತ್ತೆಂಬ ಮಾತನ್ನು ಎದುರಿಗೇ ಕೇಳಬೇಕಾಗುತ್ತದೆ. ತಪ್ಪಿಸಿಕೊಳ್ಳುವಂತಿಲ್ಲ.

ಅದೇ ಸೀಮೆಯ ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಈ ಸಂಬಂಧಕ್ಕೆ ಒಂದು ವ್ಯವಸ್ಥೆಯನ್ನೇ ಕೊಟ್ಟಿತು. ಓದುಗರು ಚಂದಾದಾರರಾದರು, ಪುಸ್ತಕಗಳು ಅವರ ಮನೆಗೆ ಹೋದವು. ಚಂದಾ ಎಂದರೆ ಬರಿಯ ಹಣವಲ್ಲ. ಇನ್ನೂ ಕಾಣದ ಪುಸ್ತಕದ ಮೇಲೆ ಓದುಗ ಇಟ್ಟ ಭರವಸೆ ಅದು. ಎಷ್ಟು ಪ್ರತಿ ಖಂಡಿತ ಹೋಗುತ್ತವೆಂಬುದು ತಿಳಿದಿದ್ದರೆ ಪ್ರಕಾಶಕನಿಗೆ ಕಾಗದದ ಲೆಕ್ಕ ಸಿಗುತ್ತದೆ, ಹೊಸಬರನ್ನು ಅಚ್ಚು ಹಾಕುವ ಧೈರ್ಯವೂ ಬರುತ್ತದೆ. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಇಲ್ಲಿಂದಲೇ ಹೊರಬಂತು. ಮುಂದೆ ಬಿಸಿಬಿಸಿ ವಾದ ಎಬ್ಬಿಸಿದ ಅನಂತಮೂರ್ತಿಯವರ ‘ಸಂಸ್ಕಾರ’ವೂ 1965ರಲ್ಲಿ ಇಲ್ಲಿಂದಲೇ ಬಂತು. ಐವತ್ತು ವರ್ಷಗಳ ನಂತರ, 2011ರಲ್ಲಿ, ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು ಪ್ರಕಟಿಸಿದ್ದೂ ಇದೇ ಗ್ರಂಥಮಾಲೆ.

ಗಮನಿಸಬೇಕಾದ ಅಂಶವೊಂದಿದೆ. ಎಲ್ಲರನ್ನೂ ಮೆಚ್ಚಿಸಿ ಸಂಖ್ಯೆ ಬೆಳೆಸುವುದೇ ಗುರಿಯಾದರೆ ‘ಸಂಸ್ಕಾರ’ದಂಥ ಪುಸ್ತಕಕ್ಕೆ ಕೈ ಹಾಕಲು ಅಂಜಿಕೆಯಾಗುತ್ತದೆ. ನಂಬಿದ ಗಿರಾಕಿ ತನಗೆ ಹಿಡಿಸದ್ದು ಬಂದಾಗ ಜಗಳವಾಡಬಹುದು, ಆದರೆ ಒಂದೇ ಮಾತಿಗೆ ಎದ್ದು ಹೋಗುವುದಿಲ್ಲ. ಸುಮ್ಮನೆ ನೋಡಲು ಬಂದವನು ಮೆಚ್ಚಿಕೆಯ ಗುರುತು ಒತ್ತುತ್ತಾನೆ, ಮರುಗಳಿಗೆಗೆ ಮರೆಯುತ್ತಾನೆ. ಉಪ್ಪು ಹೆಚ್ಚಾಯಿತೆಂದು ಹೇಳಲು ಫೋನು ಮಾಡುವವನು, ಇನ್ನೊಮ್ಮೆ ಕೊಳ್ಳುವ ಮನಸ್ಸಿರುವವನು. ಅವನಿಗೆ ಉತ್ತರ ಕೊಡದೆ ಹೊಸ ಸಾವಿರ ಮಂದಿಯ ಬೆನ್ನು ಹತ್ತುವುದು ತೂತು ಕೊಡಕ್ಕೆ ನೀರು ಸೇದಿದಂತೆ.

ಹಾಗೆಂದು ಸಂಖ್ಯೆ ಕೆಲಸಕ್ಕೆ ಬಾರದ್ದೆಂದಲ್ಲ. ಅಂಗಡಿ ಇದೆಯೆಂಬುದೇ ತಿಳಿಯದಿದ್ದರೆ ಯಾರೂ ಬರಲಾರರು. ಸುರುಸುರು ಬತ್ತಿಯ ಬೆಳಕು ದೂರದವರಿಗೂ ಕಾಣುತ್ತದೆ, ಅಷ್ಟರಮಟ್ಟಿಗೆ ಅದು ಒಳ್ಳೆಯದೇ. ಆದರೆ ಅದರ ಮೇಲೆ ಅನ್ನ ಬೇಯುವುದಿಲ್ಲ. ಚಟ್ನಿಪುಡಿಯ ಗೃಹಿಣಿ ಒಂದು ನೋಟ್‌ಬುಕ್ಕಿನಲ್ಲಿ ಆ ಹದಿನೈದು ಹೆಸರುಗಳನ್ನು ಬರೆದಿಟ್ಟುಕೊಳ್ಳಲಿ. ಯಾರಿಗೆ ಖಾರ ಕಡಿಮೆ ಬೇಕು, ಯಾರು ಬೆಳ್ಳುಳ್ಳಿ ಬೇಡವೆಂದರು, ಯಾರು ಎರಡು ತಿಂಗಳಿಂದ ತರಿಸಿಲ್ಲ, ಏಕೆ ತರಿಸಿಲ್ಲ ಎಂದು ಗುರುತು ಹಾಕಲಿ. ಹದಿನೈದು ಇಪ್ಪತ್ತಾದಾಗ ಮೆಣಸಿನಕಾಯಿಯನ್ನು ಇನ್ನೊಂದು ಕಿಲೋ ಹೆಚ್ಚಿಗೆ ತರಲಿ. ಸಾಲದ ಅಂಜಿಕೆಯಿಲ್ಲದೆ ಬೆಳೆಯುವ ದಾರಿ ಅದು.